ಜಲ್ಲಿ ಮಡಿ: ಕೊಳಚೆ ನೀರು ತಿಳಿಯಾಗಿಸುವ ಬ್ಯಾಕ್ಟೀರಿಯಾಗಳನ್ನು ಸಾಕುವ ಬಗೆ

ಗಿಡ ನೆಟ್ಟ ಜಲ್ಲಿಯ ಗುಂಡಿಗೆ ಕೊಳಚೆ ನೀರು ಹಾಯಿಸಿದರೆ ಮೂರು ದಿನ ಕಳೆದು ಆಚೆ ತುದಿಯಲ್ಲಿ ತಿಳಿನೀರು ಬರುತ್ತದೆ. ನೋಡಿದವರೆಲ್ಲ ಹೊಗಳುವುದು ಗಿಡವನ್ನು. ಆದರೆ ಕೆಲಸದ ಬಹುಪಾಲು ಮಾಡಿದ್ದು ಜಲ್ಲಿಕಲ್ಲಿಗೆ ಅಂಟಿದ ತೆಳು ಲೋಳೆ, ಅಂದರೆ ಅದರೊಳಗೆ ಬದುಕುವ ಬ್ಯಾಕ್ಟೀರಿಯಾಗಳು. ಗಿಡ ತನ್ನ ಮೈಗೆ ಹಾಕಿಕೊಳ್ಳುವ ಸಾರಜನಕ ಒಟ್ಟಿನಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸು ಅಷ್ಟೇ. ಹಾಗಾಗಿ ಇಂಥ ಘಟಕ ಕಟ್ಟುವವರು ತೋಟಗಾರಿಕೆಯ ಲೆಕ್ಕ ಬಿಟ್ಟು ದನ ಸಾಕುವವರ ಲೆಕ್ಕ ಹಿಡಿಯಬೇಕು: ಕೊಟ್ಟಿಗೆ ಎಷ್ಟು ದೊಡ್ಡದು, ಮೇವು ಎಷ್ಟು, ಗಾಳಿ ಎಲ್ಲಿಂದ, ವಿಷ ಯಾವುದು.

ಈ ತಪ್ಪು ಕಲ್ಪನೆಗೆ ಹಳೆಯ ಬೇರಿದೆ. ಜರ್ಮನಿಯಲ್ಲಿ 1950ರ ದಶಕದಲ್ಲಿ ಕೇಟೆ ಝೈಡೆಲ್ ಜೊಂಡು ಜಾತಿಯ ಗಿಡಗಳಿಂದ ಕೊಳಚೆ ಶುದ್ಧೀಕರಣದ ಪ್ರಯೋಗ ಶುರುಮಾಡಿದರು. ಆಮೇಲೆ ರೈನ್‌ಹೋಲ್ಡ್ ಕಿಕುಟ್ ಮಣ್ಣಿನ ಮಡಿಯಲ್ಲಿ ಗಿಡ ನೆಟ್ಟು, ಬೇರುಗಳೇ ಮಣ್ಣಿಗೆ ದಾರಿ ಮಾಡಿ ಆಮ್ಲಜನಕವನ್ನೂ ಒದಗಿಸುತ್ತವೆ ಎಂದು ನಂಬಿದರು. ಮಣ್ಣು ಕಟ್ಟಿಕೊಂಡಿತು, ನೀರು ಮೇಲಿಂದ ಹರಿಯಿತು, ಬೇರು ಕೊಡುವ ಆಮ್ಲಜನಕವೂ ಅಂದುಕೊಂಡಷ್ಟು ಇರಲಿಲ್ಲ. ಮಣ್ಣಿನ ಜಾಗಕ್ಕೆ ಜಲ್ಲಿ ಬಂದದ್ದು ಹೀಗೆ. ಬೆಂಗಳೂರಿನ ಜಕ್ಕೂರು ಕೆರೆಯ ತಲೆಯಲ್ಲಿರುವ ಜೌಗು ಬೇರೆ ಬಗೆಯದು. ಅಲ್ಲಿ ಎಸ್‌ಟಿಪಿಯಿಂದ, ಅಂದರೆ ಕೊಳಚೆ ಶುದ್ಧೀಕರಣ ಘಟಕದಿಂದ, ಬಂದ ನೀರು ಬಯಲಲ್ಲೇ ಜೊಂಡಿನ ನಡುವೆ ಹರಿದು ಕೆರೆ ಸೇರುತ್ತದೆ. ಇಲ್ಲಿ ಹೇಳುತ್ತಿರುವುದು ನೀರು ಜಲ್ಲಿಯ ಒಳಗೇ ಅಡ್ಡಡ್ಡ ಸಾಗುವ, ಮೇಲೆ ಕಾಣಿಸದ ಮಡಿ. ಸೊಳ್ಳೆ ಇಲ್ಲ, ವಾಸನೆ ಕಡಿಮೆ, ಮನೆ ಹತ್ತಿರಕ್ಕೆ ಇದೇ ಸರಿ.

ಅಳತೆ: 20 ಜನರಿಗೆ ಎಷ್ಟು ಜಾಗ?

ತಲೆಗೆ ದಿನಕ್ಕೆ 100 ಲೀಟರ್ ಕೊಳಚೆ ಎಂದು ಹಿಡಿಯಿರಿ. 20 ಜನರಿಗೆ 2,000 ಲೀಟರ್, ಅಂದರೆ 2 ಘನ ಮೀಟರ್. ಸೆಪ್ಟಿಕ್ ಟ್ಯಾಂಕ್ ದಾಟಿ ಬಂದ ನೀರಿನಲ್ಲಿ ಬಿಒಡಿ ಲೀಟರಿಗೆ 150 ಮಿಲಿಗ್ರಾಂ ಇದ್ದು, ಹೊರಬರುವಾಗ 20ಕ್ಕೆ ಇಳಿಯಬೇಕು ಎನ್ನೋಣ. ಬಿಒಡಿ ಎಂದರೆ ಆ ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ; ಮೇವಿನ ಅಳತೆ ಎಂದುಕೊಂಡರೂ ಸರಿಯೇ.

ವಿಸ್ತೀರ್ಣದ ಸೂತ್ರ: ದಿನದ ನೀರನ್ನು, ಒಳ ಬಿಒಡಿಯನ್ನು ಹೊರ ಬಿಒಡಿಯಿಂದ ಭಾಗಿಸಿ ಬಂದ ಸಂಖ್ಯೆಯ ನೈಸರ್ಗಿಕ ಲಾಗರಿದಮ್‌ನಿಂದ ಗುಣಿಸಿ, ದಿನಕ್ಕೆ 0.15 ಮೀಟರ್ ಎಂಬ ದರದಿಂದ ಭಾಗಿಸಬೇಕು. ನಮ್ಮ ಬಿಸಿ ಹವೆಗೆ 0.15 ಹೊಂದುತ್ತದೆ. 150ನ್ನು 20ರಿಂದ ಭಾಗಿಸಿದರೆ 7.5, ಅದರ ಲಾಗರಿದಮ್ 2.01, ಲೆಕ್ಕ 27 ಚದರ ಮೀಟರಿಗೆ ನಿಲ್ಲುತ್ತದೆ. ಅಷ್ಟಕ್ಕೇ ಕಟ್ಟಬೇಡಿ. ಹಬ್ಬಕ್ಕೆ ನೆಂಟರು ಬರುತ್ತಾರೆ, ಒಳತುದಿ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಟ್ಟು 32 ಚದರ ಮೀಟರ್ ಇಟ್ಟುಕೊಳ್ಳಿ. ಜಲ್ಲಿಯ ಆಳ 60 ಸೆಂ.ಮೀ., ಅದರಲ್ಲಿ ನೀರು 50 ಸೆಂ.ಮೀ.

ಉದ್ದ ಹೆಚ್ಚಿಸಿ ಅಗಲ ಕಡಿಮೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಕಾಂಪೌಂಡ್ ಪಕ್ಕದ ಪಟ್ಟಿ ಜಾಗ ಖಾಲಿ ಇರುತ್ತದಲ್ಲ. ಅಲ್ಲೇ ಎಡವುವುದು. ಕೊಳೆಯೆಲ್ಲ ಮೊದಲು ಬಂದು ಬಡಿಯುವುದು ಒಳತುದಿಯ ಎದುರುಮುಖಕ್ಕೆ. ನಮ್ಮ ಮಡಿಯಲ್ಲಿ ಆ ಮುಖ 4 ಮೀಟರ್ ಅಗಲ, ಅರ್ಧ ಮೀಟರ್ ಆಳ, ಅಂದರೆ 2 ಚದರ ಮೀಟರ್. ದಿನಕ್ಕೆ ಬರುವ 300 ಗ್ರಾಂ ಬಿಒಡಿಯನ್ನು ಅದರ ಮೇಲೆ ಹಂಚಿದರೆ ಚದರ ಮೀಟರಿಗೆ 150 ಗ್ರಾಂ. 250 ದಾಟಿದರೆ ಲೋಳೆ ಬೆಳೆಯುವ ವೇಗ ಕರಗುವ ವೇಗವನ್ನು ಮೀರಿ ಜಲ್ಲಿ ಸಂದುಗಳು ಮುಚ್ಚುತ್ತವೆ. ಒಂದು ಮೀಟರ್ ಅಗಲದ ಪಟ್ಟಿ ಮಡಿ ಮಾಡಿದರೆ ಇದೇ ಲೆಕ್ಕ 600ಕ್ಕೆ ಹೋಗುತ್ತದೆ.

ಮಡಿಗೆ ಮುಂಚೆ ಬರಬೇಕಾದ್ದು

ಸೆಪ್ಟಿಕ್ ಟ್ಯಾಂಕ್ ಒಳಅಳತೆ 6 ಘನ ಮೀಟರ್ ಇರಲಿ, ನಡುವೆ ಕನಿಷ್ಠ ಒಂದು ಅಡ್ಡಗೋಡೆ. ಎರಡು ದಿನದ ನೀರಿಗೆ 4, ಕೆಸರಿಗೆ 2 ಎಂಬ ಲೆಕ್ಕ. ಅಡುಗೆಮನೆ ನೀರಿಗೆ ಜಿಡ್ಡು ಹಿಡಿಯುವ ಚೇಂಬರ್ ಬೇರೆಯೇ ಬೇಕು. ಎಣ್ಣೆ ಬ್ಯಾಕ್ಟೀರಿಯಾಗಳಿಗೆ ವಿಷವಲ್ಲ, ಆದರೆ ಲೋಳೆಯ ಮೇಲೆ ಪದರ ಕಟ್ಟಿ ಆಮ್ಲಜನಕ ಒಳಗೆ ಹೋಗದಂತೆ ಮಾಡುತ್ತದೆ. ಮಳೆನೀರಿನ ಪೈಪನ್ನು ಈ ಸಾಲಿಗೆ ಸೇರಿಸಲೇಬಾರದು. 50 ಮಿ.ಮೀ. ಮಳೆ ಬರೀ ಮಡಿಯ ಮೇಲೆ ಬಿದ್ದರೇ 1,600 ಲೀಟರ್. ಚಾವಣಿ ನೀರೂ ಸೇರಿದರೆ ಸೆಪ್ಟಿಕ್ ಟ್ಯಾಂಕಿನ ಕೆಸರೆಲ್ಲ ಎದ್ದು ಜಲ್ಲಿಗೆ ನುಗ್ಗುತ್ತದೆ.

ಮಡಿ ಕಟ್ಟುವುದು

ಗುಂಡಿಯ ತಳ ಹೊರತುದಿಯ ಕಡೆಗೆ 8 ಸೆಂ.ಮೀ. ಇಳಿಜಾರಾಗಿರಲಿ. ಮೇಲ್ಮೈ ಮಾತ್ರ ಲೆವೆಲ್ ಪೈಪ್ ಹಿಡಿದು ಸಮತಟ್ಟಾಗಿಸಿ. ಸುತ್ತಲ ಕಟ್ಟೆ ಜಲ್ಲಿಗಿಂತ 20 ಸೆಂ.ಮೀ. ಎತ್ತರ. ಒಳಗೆ 500 ಮೈಕ್ರಾನ್‌ಗಿಂತ ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟು ಹಾಸಬಹುದು, ಇಟ್ಟಿಗೆ ಕಟ್ಟಿ ಗಾರೆ ಮಾಡಬಹುದು. ಶೀಟಿನ ಅಡಿಗೆ ಚೂಪುಕಲ್ಲು ಆರಿಸಿ ತೆಗೆದು ಎರಡು ಇಂಚು ಮರಳು ಹಾಕಿ. ಜಲ್ಲಿ ಸುರಿಯುವ ಮುಂಚೆ ನೀರು ತುಂಬಿಸಿ ಒಂದು ದಿನ ಬಿಟ್ಟು ಮಟ್ಟ ನೋಡಿ. ಸೋರಿಕೆ ಆಮೇಲೆ ಸಿಕ್ಕರೆ ಎಲ್ಲವನ್ನೂ ಹೊರತೆಗೆಯಬೇಕಾಗುತ್ತದೆ.

ಒಳತುದಿ ಮತ್ತು ಹೊರತುದಿಯ ಅರ್ಧರ್ಧ ಮೀಟರಿಗೆ 40ರಿಂದ 80 ಮಿ.ಮೀ. ದಪ್ಪ ಕಲ್ಲು. ನಡುವಿನ 7 ಮೀಟರಿಗೆ 12 ಮತ್ತು 20 ಎಂಎಂ ಜಲ್ಲಿ. ಒಟ್ಟು ಸುಮಾರು 680 ಘನ ಅಡಿ ಬೇಕು. ಕ್ರಷರಿನಿಂದ ಬಂದ ಜಲ್ಲಿಯನ್ನು ತೊಳೆಯದೆ ಸುರಿಯಬೇಡಿ. ಅದರ ಜೊತೆ ಬರುವ ಕಲ್ಲುಪುಡಿ ತಳದಲ್ಲಿ ಗಾರೆಯಂತೆ ಕೂರುತ್ತದೆ. ಬುಟ್ಟಿಯಲ್ಲಿ ತೊಳೆದ ನೀರು ತಿಳಿಯಾಗುವ ತನಕ ತೊಳೆಯಬೇಕು, ಬೇಸರದ ಕೆಲಸವೇ ಸರಿ.

ಜಲ್ಲಿಯಲ್ಲಿ ಖಾಲಿ ಜಾಗ ಎಷ್ಟಿದೆ ಎಂದು ನೋಡಲು 10 ಲೀಟರ್ ಅಳತೆಯ ಬಕೆಟ್ ಸಾಕು. ಜಲ್ಲಿಯಿಂದ ಅಂಚಿನ ತನಕ ತುಂಬಿಸಿ, ಅಳೆದ ನೀರು ಹೊಯ್ಯಿರಿ. 4 ಲೀಟರ್ ಹಿಡಿದರೆ ಶೇಕಡಾ 40. ಆಗ ನಮ್ಮ ಮಡಿಯಲ್ಲಿ ನಿಲ್ಲುವ ನೀರು 6,400 ಲೀಟರ್, ದಿನಕ್ಕೆ 2,000 ಬಂದರೆ ತಂಗುವ ಕಾಲ 3.2 ದಿನ. 3.5 ಲೀಟರಿಗಿಂತ ಕಡಿಮೆ ಹಿಡಿದರೆ ಪುಡಿ ಜಾಸ್ತಿ ಇದೆ ಎಂದರ್ಥ, ವಾಪಸು ಕಳಿಸಿ.

ಕೊಟ್ಟಿಗೆಯ ಮಾತು ಬಂತಲ್ಲ: ಸರಾಸರಿ 15 ಮಿ.ಮೀ. ಜಲ್ಲಿಯಾದರೆ ಒಂದು ಘನ ಮೀಟರಿನೊಳಗೆ ಕಲ್ಲುಗಳ ಹೊರಮೈ ಸುಮಾರು 240 ಚದರ ಮೀಟರ್. ನೀರಲ್ಲಿ ಮುಳುಗಿದ 16 ಘನ ಮೀಟರಿಗೆ 3,840. ಒಂದು ಗುಂಟೆಯೂ ಇಲ್ಲದ ಗುಂಡಿಯೊಳಗೆ 38 ಗುಂಟೆ ಮೇವುಗಾವಲು.

ಒಳಬರುವ 4 ಇಂಚಿನ ಪಿವಿಸಿ ಪೈಪು ಮಡಿಯ ಪೂರ್ತಿ ಅಗಲಕ್ಕೆ ಅಡ್ಡ ಮಲಗಲಿ, 20 ಸೆಂ.ಮೀ.ಗೊಂದು 12 ಮಿ.ಮೀ. ತೂತು, ಎರಡೂ ತುದಿಗೆ ಬಿಚ್ಚಬಹುದಾದ ಕ್ಯಾಪ್. ಹೊರತುದಿಯಲ್ಲಿ ತಳದಲ್ಲಿ ತೂತಿನ ಪೈಪು, ಅದು ಗೋಡೆ ದಾಟಿ 60 ಸೆಂ.ಮೀ. ಚೌಕದ ಚೇಂಬರಿಗೆ. ಚೇಂಬರಿನೊಳಗೆ ಎಲ್ಬೋ ಹಾಕಿ ನಿಲುವು ಪೈಪು ಜೋಡಿಸಿ. ಈ ಎಲ್ಬೋಗೆ ಸೊಲ್ಯೂಷನ್ ಹಚ್ಚಬೇಡಿ, ರಬ್ಬರ್ ರಿಂಗ್ ಸಾಕು. ಪೈಪನ್ನು ವಾಲಿಸಿದಂತೆಲ್ಲ ಮಡಿಯ ನೀರಿನ ಮಟ್ಟ ಇಳಿಯುತ್ತದೆ. ಇಡೀ ಘಟಕದಲ್ಲಿ ನಿಮ್ಮ ಕೈಗೆ ಸಿಗುವ ಒಂದೇ ಲಗಾಮು ಇದು. ಪ್ಲಂಬರ್ ಅಭ್ಯಾಸಬಲದಿಂದ ಅಂಟಿಸಿಬಿಡುತ್ತಾನೆ, ಎದುರಿಗೆ ನಿಂತು ನೋಡಿಕೊಳ್ಳಿ.

ಗಿಡ

ಕಾಬಾಳೆ, ಆಪುಹುಲ್ಲು, ಲಾವಂಚ, ಯಾವುದಾದರೂ ಸರಿ. ಚದರ ಮೀಟರಿಗೆ 4ರಂತೆ 128 ಸಸಿ. ಆಪುಹುಲ್ಲು ಹಬ್ಬುವುದು ಜಾಸ್ತಿ, ಹತ್ತಿರದಲ್ಲಿ ಕೆರೆ, ಕಾಲುವೆ ಇದ್ದರೆ ಬಿಟ್ಟುಬಿಡಿ. ಬೇರಿಗೆ ಅಂಟಿದ ಮಣ್ಣು ತೊಳೆದೇ ನೆಡಬೇಕು.

ಯಾರ್ಯಾರು ಎಲ್ಲೆಲ್ಲಿ ಬದುಕುತ್ತಾರೆ

ಆರು ತಿಂಗಳಾದ ಮಡಿಯಿಂದ ಒಂದು ಗಿಡವನ್ನು ಮೆಲ್ಲಗೆ ಕಿತ್ತು ನೋಡಿ. ಎಳೆ ಬೇರಿನ ತುದಿಯ ಹತ್ತಿರ ತುಕ್ಕು ಬಣ್ಣದ ಲೇಪ ಕಾಣುತ್ತದೆ. ಬೇರಿನಿಂದ ಸೋರುವ ಆಮ್ಲಜನಕಕ್ಕೆ ನೀರಿನಲ್ಲಿದ್ದ ಕಬ್ಬಿಣ ತುಕ್ಕು ಹಿಡಿದದ್ದು ಅದು. ಅದರ ಪಕ್ಕದ ಜಲ್ಲಿ ಮಾತ್ರ ಕಾಡಿಗೆ ಕಪ್ಪು, ಗಂಧಕ ಮತ್ತು ಕಬ್ಬಿಣ ಸೇರಿ ಆದ ಕಪ್ಪು. ಆಮ್ಲಜನಕವಿರುವ ಲೋಕಕ್ಕೂ ಇಲ್ಲದ ಲೋಕಕ್ಕೂ ನಡುವೆ ಕೆಲವೇ ಮಿಲಿಮೀಟರ್ ದೂರ.

ಒಳತುದಿಯ ಮೊದಲ ಒಂದೆರಡು ಮೀಟರಿನಲ್ಲಿ ಸಾವಯವ ಕೊಳೆ ತಿನ್ನುವ ಹೊಟ್ಟೆಬಾಕರು. ಇವು ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ, ಸಿಕ್ಕ ಆಮ್ಲಜನಕವನ್ನೆಲ್ಲ ಮೊದಲು ಕಬಳಿಸುತ್ತವೆ. ಆಳದಲ್ಲಿ, ಆಮ್ಲಜನಕ ಮುಗಿದ ಕಡೆ, ಸಲ್ಫೇಟನ್ನು ಉಸಿರಾಡುವ ಡಿಸಲ್ಫೋವಿಬ್ರಿಯೋ ಬಳಗ ಮತ್ತು ಮೀಥೇನ್ ಬಿಡುವ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಾಣುವ ಬೇರೆ ಕುಲದ ಸೂಕ್ಷ್ಮಜೀವಿಗಳು). ಕೊಳೆತ ಮೊಟ್ಟೆಯ ವಾಸನೆ ಡಿಸಲ್ಫೋವಿಬ್ರಿಯೋ ಬಳಗದ್ದು.

ಕೊಳಚೆಯ ಸಾರಜನಕ ಹೆಚ್ಚಾಗಿ ಇರುವುದು ಅಮೋನಿಯಾ ರೂಪದಲ್ಲಿ, ಅದರ ಕಥೆ ಬೇರೆ. ನೈಟ್ರೋಸೊಮೊನಾಸ್ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೋಬ್ಯಾಕ್ಟರ್ ಮತ್ತು ನೈಟ್ರೋಸ್ಪೈರಾ ಅದನ್ನು ನೈಟ್ರೇಟ್ ಮಾಡುತ್ತವೆ. ಕೆಲವು ನೈಟ್ರೋಸ್ಪೈರಾ ಎರಡೂ ಹಂತವನ್ನು ಒಂಟಿಯಾಗಿ ಮುಗಿಸುತ್ತವೆ ಎಂಬುದು 2015ರಲ್ಲಿ ತಿಳಿಯಿತು. ಇವು ನಿಧಾನವಾಗಿ ಬೆಳೆಯುವ ಜೀವಿಗಳು, ಹೊಟ್ಟೆಬಾಕರ ಜೊತೆ ಪೈಪೋಟಿಯಲ್ಲಿ ಸೋಲುತ್ತವೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು. ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರತೆ, ಅಂದರೆ ನೀರು ಹುಳಿಯಾಗದಂತೆ ತಡೆಯುವ ಗುಣ, ಖರ್ಚಾಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 286 ಮಿಲಿಗ್ರಾಂ ಕ್ಷಾರತೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅದು ಧಾರಾಳವಾಗಿ ಇರುತ್ತದೆ. ಕರಾವಳಿಯ ಮುರಕಲ್ಲಿನ ಬಾವಿನೀರು ಮೃದು. ಅಲ್ಲಿ ಪಿಎಚ್ 6.5ಕ್ಕಿಂತ ಇಳಿದು ಈ ಕೆಲಸ ಅರ್ಧಕ್ಕೇ ನಿಲ್ಲಬಹುದು. ಸುಣ್ಣದಕಲ್ಲಿನ ಚೂರನ್ನು ಜಲ್ಲಿಯಲ್ಲಿ ಬೆರೆಸುವುದು ಅದಕ್ಕೆ ಸುಲಭ ಮದ್ದು.

ಕೊನೆಯ ತಂಡ ಸ್ಯೂಡೊಮೊನಾಸ್, ಪ್ಯಾರಾಕಾಕಸ್, ಥೌಯೆರಾ ಮುಂತಾದವು. ಆಮ್ಲಜನಕ ಇಲ್ಲದಾಗ ನೈಟ್ರೇಟನ್ನೇ ಉಸಿರಾಡಿ ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಇವುಗಳಿಗೆ ನೈಟ್ರೇಟ್ ಜೊತೆ ತಿನ್ನಲು ಇಂಗಾಲವೂ ಬೇಕು.

ಇಲ್ಲೇ ಅಡ್ಡಹರಿವಿನ ಮಡಿಯ ಮಿತಿ ಇರುವುದು. ಸದಾ ನೀರು ತುಂಬಿರುವುದರಿಂದ ಆಮ್ಲಜನಕ ಕಡಿಮೆ. ಬಿಒಡಿ ಚೆನ್ನಾಗಿ ಇಳಿಯುತ್ತದೆ, ಅಮೋನಿಯಾ ಅಷ್ಟಾಗಿ ಇಳಿಯುವುದಿಲ್ಲ. ನೀರು ತೆಂಗು, ಬಾಳೆ, ಹೂಗಿಡಕ್ಕೆ ಹೋಗುವುದಾದರೆ ಅದು ದೋಷವೇ ಅಲ್ಲ, ಗೊಬ್ಬರ. ಕೆರೆಗೋ ಹಳ್ಳಕ್ಕೋ ಬಿಡುವುದಾದರೆ ನೀರು ಮೇಲಿಂದ ಕೆಳಕ್ಕೆ ಇಂಗುವ ಲಂಬ ಹರಿವಿನ ಮಡಿ ಸೇರಿಸಿ: 20 ಚದರ ಮೀಟರ್, 70 ಸೆಂ.ಮೀ. ತೊಳೆದ ದಪ್ಪ ಮರಳು, ಅಡಿಯಲ್ಲಿ ಜಲ್ಲಿ ಮತ್ತು ಗಾಳಿಗೆ ತೆರೆದ ಬಸಿಪೈಪು. ಪಂಪಿನಿಂದ ದಿನಕ್ಕೆ 5 ಸಲ, ಸಲಕ್ಕೆ 400 ಲೀಟರ್ ಒಮ್ಮೆಲೇ ಹರಡಬೇಕು. ಹರಡಿದ ನೀರು 2 ಸೆಂ.ಮೀ. ನಿಂತು ಇಂಗುತ್ತದೆ, ಇಂಗುವಾಗ ಹಿಂದೆಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸಣ್ಣಗೆ ಸದಾ ಹರಿಯಬಿಟ್ಟರೆ ಆ ಲಾಭ ಹೋಯಿತು. ಇಲ್ಲಿಂದ ಬಂದ ನೀರಿನ ಅರ್ಧದಷ್ಟನ್ನು ಸೆಪ್ಟಿಕ್ ಟ್ಯಾಂಕಿಗೆ ಮರಳಿಸಿದರೆ ನೈಟ್ರೇಟಿಗೆ ಅಲ್ಲಿ ಇಂಗಾಲ ಸಿಗುತ್ತದೆ, ಕೊನೆಯ ತಂಡ ತನ್ನ ಪಾಲು ಮುಗಿಸುತ್ತದೆ. ಹೆಚ್ಚುವರಿ ಹರಿವು ತಡೆಯುವಷ್ಟು ದೊಡ್ಡ ಟ್ಯಾಂಕ್ ಇದ್ದರೆ ಮಾತ್ರ ಇದನ್ನು ಮಾಡಿ.

ಮೊದಲ ಮೂರು ತಿಂಗಳು

ನೆಟ್ಟ ದಿನ ಮಡಿಗೆ ಒಳ್ಳೆಯ ನೀರು ತುಂಬಿಸಿ, ಮಟ್ಟ ಜಲ್ಲಿಯ ಮೇಲ್ಮೈಗೆ ಒಂದೆರಡು ಇಂಚು ಕೆಳಗಿರಲಿ.

ಎರಡು ವಾರ ಕಾಲುಭಾಗ ಕೊಳಚೆ, ಅಂದರೆ ದಿನಕ್ಕೆ 500 ಲೀಟರ್. ಮುಂದಿನ ಎರಡು ವಾರ 1,000. ಆಮೇಲೆ ಎರಡು ವಾರ 1,500, ಏಳನೇ ವಾರದಿಂದ ಪೂರ್ತಿ. ಮಿಕ್ಕ ನೀರಿಗೆ ಹಳೆಯ ಇಂಗುಗುಂಡಿಯ ಬೈಪಾಸ್ ಇರಲಿ.

ಬೀಜಕ್ಕಾಗಿ ಅಂಗಡಿಯ ಬ್ಯಾಕ್ಟೀರಿಯಾ ಪೊಟ್ಟಣ ಬೇಕಿಲ್ಲ. ಕೊಳಚೆಯೇ ಬೇಕಾದಷ್ಟು ಜೀವಿಗಳನ್ನು ಹೊತ್ತು ತರುತ್ತದೆ; ಯಾರು ಉಳಿಯಬೇಕು ಎಂಬುದನ್ನು ಆಮ್ಲಜನಕ, ಮೇವು, ಜಾಗ ತೀರ್ಮಾನಿಸುತ್ತವೆ. ಬೇಗ ಆಗಬೇಕೆಂದರೆ ಚೆನ್ನಾಗಿ ನಡೆಯುತ್ತಿರುವ ಹಳೆಯ ಮಡಿಯಿಂದ ಎರಡು ಬುಟ್ಟಿ ಜಲ್ಲಿ, ಇಲ್ಲವೇ ಅಪಾರ್ಟ್‌ಮೆಂಟ್ ಎಸ್‌ಟಿಪಿಯ ಗಾಳಿ ಊದುವ ತೊಟ್ಟಿಯಿಂದ 20 ಲೀಟರ್ ಕಂದು ಕೆಸರುನೀರು ತಂದು ಒಳಪೈಪಿನ ಉದ್ದಕ್ಕೂ ಸುರಿಯಿರಿ. ಕ್ಯಾನಿನಲ್ಲಿ ಮುಚ್ಚಿಟ್ಟು ಇಡೀ ದಿನ ಬಿಟ್ಟರೆ ಉಸಿರುಗಟ್ಟುತ್ತದೆ, ಒಂದೆರಡು ಗಂಟೆಯಲ್ಲಿ ತಲುಪಿಸಿ.

ಸಗಣಿ ನೀರು ಮತ್ತು ಬೆಲ್ಲ ಬೇಡ. ಸಗಣಿಯಲ್ಲಿ ಇರುವುದು ಹಸುವಿನ ಹೊಟ್ಟೆಯ ಜೀವಿಗಳು, ಅಮೋನಿಯಾವನ್ನು ನೈಟ್ರೇಟ್ ಮಾಡುವ ತಂಡ ಅಲ್ಲಿಲ್ಲ. ನಾರು ಮಾತ್ರ ಸಂದಿಗೆ ಸೇರುತ್ತದೆ. ಬೆಲ್ಲ ಹಾಕಿದರೆ ಹೊಟ್ಟೆಬಾಕರಿಗೆ ಹಬ್ಬ, ಎರಡೇ ವಾರದಲ್ಲಿ ಒಳತುದಿ ಲೋಳೆ ಕಟ್ಟುತ್ತದೆ. ಜೀವಾಮೃತದ ಹದ ಹೊಲಕ್ಕೆ ಸರಿ, ಇಲ್ಲಿಗಲ್ಲ.

ಎಂಟನೇ ವಾರದ ಹೊತ್ತಿಗೆ ಎಲ್ಬೋ ವಾಲಿಸಿ ನೀರಿನ ಮಟ್ಟವನ್ನು 15 ಸೆಂ.ಮೀ. ಇಳಿಸಿ, ಎರಡು ವಾರ ಹಾಗೇ ಬಿಡಿ. ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ಸದಾ ಮೇಲ್ಮಟ್ಟದಲ್ಲೇ ನೀರಿದ್ದರೆ ಬೇರು ಮೇಲಿನ ಒಂದು ಗೇಣಿನಲ್ಲೇ ಹೆಣೆದುಕೊಳ್ಳುತ್ತದೆ, ಕೊಳಚೆ ಅಡಿಯಿಂದ ನುಸುಳಿ ಓಡುತ್ತದೆ.

ಬಿಒಡಿ ಇಳಿಕೆ ಒಂದೆರಡು ತಿಂಗಳಲ್ಲಿ ನೆಲೆಗೊಳ್ಳುತ್ತದೆ. ಸಾರಜನಕದ ತಂಡಗಳು ಹದಕ್ಕೆ ಬರಲು ಮೂರು ತಿಂಗಳಾದರೂ ಕೊಡಿ. ಲಂಬ ಮಡಿಯಿದ್ದರೆ ಮೀನಿನ ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್ಟಿನಿಂದ ವಾರಕ್ಕೊಮ್ಮೆ, ಬೇಕಾದರೆ ತಿಳಿನೀರು ಬೆರೆಸಿ ತೆಳುಮಾಡಿ, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡಿ. ಮೊದಲು ಅಮೋನಿಯಾ ಇಳಿಯುತ್ತಾ ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ನೈಟ್ರೈಟ್ ಏರಿದಾಗ ಕೆಟ್ಟುಹೋಯಿತೆಂದು ಗಾಬರಿಯಾಗಬೇಡಿ. ಎರಡನೇ ತಂಡ ಇನ್ನೂ ದಾರಿಯಲ್ಲಿದೆ.

ಒಳಗೆ ಬಿಡಬಾರದವು

ಬಕೆಟ್ ನೀರಿಗೆ ಒಂದು ಮುಚ್ಚಳ ಫಿನಾಯಿಲ್ ಹಾಕಿ ನೆಲ ಒರೆಸಿದರೆ ಏನೂ ಆಗದು. ಓವರ್‌ಹೆಡ್ ಟ್ಯಾಂಕ್ ತೊಳೆದ ಬ್ಲೀಚಿಂಗ್ ಪೌಡರ್ ನೀರನ್ನು ಒಮ್ಮೆಲೇ ಬಿಟ್ಟರೆ ಆಗುತ್ತದೆ. ಟಾಯ್ಲೆಟ್ ಆಸಿಡ್ಡಿನ ಪೂರ್ತಿ ಬಾಟಲು, ವಾಟರ್ ಸಾಫ್ಟನರ್ ತೊಳೆದ ಉಪ್ಪುನೀರು, ಬಣ್ಣದ ಬ್ರಷ್ ತೊಳೆದ ಥಿನ್ನರ್, ಇವೂ ಬೇಡ. ಪೆಟ್ಟು ಮೊದಲು ಬೀಳುವುದು ಅಮೋನಿಯಾ ತಂಡಕ್ಕೆ, ಏಳುವುದೂ ಅದೇ ಕೊನೆಗೆ. ಹೊಟ್ಟೆಬಾಕರು ಕೆಲವೇ ದಿನದಲ್ಲಿ ಚೇತರಿಸಿದರೆ ಇವಕ್ಕೆ ವಾರಗಳು ಬೇಕು.

ಮಡಿಯ ನಾಡಿ ನೋಡುವುದು

ಬಿಳಿ ಗಾಜಿನ ಬಾಟಲಿಯಲ್ಲಿ ಹೊರನೀರು ಹಿಡಿದು, ಕೆಲವು ಹನಿ ಮೆಥಿಲೀನ್ ಬ್ಲೂ ಹಾಕಿ ತಿಳಿನೀಲಿ ಮಾಡಿ, ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿ ಕತ್ತಲಲ್ಲಿಡಿ. ಐದು ದಿನವಾದರೂ ನೀಲಿ ಉಳಿದರೆ ನೀರಿನಲ್ಲಿ ತಿನ್ನುವಂಥದ್ದು ಹೆಚ್ಚು ಉಳಿದಿಲ್ಲ. ಒಂದೇ ದಿನಕ್ಕೆ ಬಣ್ಣ ಹೋದರೆ ಒಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಮುಗಿಸಿ ಬಣ್ಣಕ್ಕೂ ಕೈ ಹಾಕಿವೆ ಎಂದರ್ಥ. ಲ್ಯಾಬಿನ ಬಿಒಡಿ ವರದಿಗೆ ಇದು ಬದಲಿಯಲ್ಲ, ಆದರೆ ಖರ್ಚಿಲ್ಲದೆ ವಾರವಾರ ಮಾಡಬಹುದು.

ನೀರು ಅಡ್ಡದಾರಿ ಹಿಡಿದಿದೆಯೇ ಎಂದು ತಿಳಿಯಲು 2 ಕೆಜಿ ಉಪ್ಪನ್ನು ನೂರು ಲೀಟರ್ ನೀರಿನಲ್ಲಿ ಕರಗಿಸಿ ಒಳಗೆ ಬಿಟ್ಟು, ಹೊರತುದಿಯಲ್ಲಿ ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಿಂದ ನಾಲ್ಕು ಗಂಟೆಗೊಮ್ಮೆ ಅಳೆಯಿರಿ. ಏರಿಕೆಯ ತುದಿ ಮೂರನೇ ದಿನದ ಆಸುಪಾಸು ಬರಬೇಕು. ಮೊದಲ ದಿನವೇ ಬಂದರೆ 38 ಗುಂಟೆಯಲ್ಲಿ ಮುಕ್ಕಾಲು ಪಾಲು ಉಪವಾಸ ಬಿದ್ದಿದೆ.

ಹೊರ ಚೇಂಬರಿನಲ್ಲಿ ಬಿಳಿ ಎಳೆ ತೂಗಾಡುತ್ತಿದ್ದರೆ ಅವು ಗಂಧಕ ತಿನ್ನುವ ಬ್ಯಾಕ್ಟೀರಿಯಾಗಳು. ಅಪಾಯವಿಲ್ಲ, ಆದರೆ ಮಡಿಯೊಳಗೆ ಆಮ್ಲಜನಕ ಪೂರ್ತಿ ಮುಗಿದಿದೆ ಎಂದು ಸಾರುತ್ತಿವೆ. ಜನ ಜಾಸ್ತಿಯಾಗಿದ್ದಾರೆಯೇ, ಸೆಪ್ಟಿಕ್ ಟ್ಯಾಂಕ್ ತುಂಬಿದೆಯೇ ನೋಡಿ. ಉದ್ದ ಬಿದಿರಿನ ಕೋಲಿಗೆ ಬಿಳಿ ಬಟ್ಟೆ ಸುತ್ತಿ ಟ್ಯಾಂಕಿನೊಳಗೆ ಇಳಿಸಿ ಎತ್ತಿದರೆ ಕೆಸರಿನ ಎತ್ತರಕ್ಕೆ ಕಪ್ಪು ಕಲೆ ಇರುತ್ತದೆ. ಆಳದ ಮೂರನೇ ಒಂದು ಭಾಗ ಮುಟ್ಟಿದ್ದರೆ ಸಕ್ಕಿಂಗ್ ಗಾಡಿ ಕರೆಸಿ. ಮನುಷ್ಯರನ್ನು ಟ್ಯಾಂಕಿಗೆ ಇಳಿಸಬಾರದು. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ, ಒಳಗಿನ ಹೈಡ್ರೋಜನ್ ಸಲ್ಫೈಡ್ ದಟ್ಟವಾಗಿದ್ದರೆ ಒಂದೆರಡು ಉಸಿರಿಗೇ ಪ್ರಾಣ ತೆಗೆಯಬಲ್ಲದು.

ರೋಗಾಣುಗಳು ಮಡಿಯಲ್ಲಿ ನೂರಕ್ಕೆ 90ರಿಂದ 99ರಷ್ಟು ಇಳಿದರೂ ಕೊಳಚೆಯಲ್ಲಿ ಅವು ಕೋಟಿಗಟ್ಟಲೆ ಇರುವುದರಿಂದ ಉಳಿದದ್ದೇ ಸಾಕಷ್ಟು. ಆ ನೀರು ಕೊತ್ತಂಬರಿ, ಮೂಲಂಗಿಯಂಥ ಹಸಿ ತಿನ್ನುವ ಬೆಳೆಗೆ ಬೇಡ. ಮರಗಳ ಬುಡಕ್ಕೆ ಡ್ರಿಪ್ಪಿನಲ್ಲಿ ಕೊಡಿ.

ಮಡಿ ಕಟ್ಟಿಕೊಂಡಾಗ

ಒಳಪೈಪಿನ ಹತ್ತಿರ ಜಲ್ಲಿಯ ಮೇಲೆ ನೀರು ನಿಂತಿತು ಎಂದರೆ ಸಂದು ಮುಚ್ಚಿದೆ. ಮೊದಲ ಮದ್ದು ಉಪವಾಸ. ಎಲ್ಬೋ ಪೂರ್ತಿ ವಾಲಿಸಿ ನೀರು ಬಸಿದು, ಒಂದರಿಂದ ಎರಡು ವಾರ ಕೊಳಚೆ ನಿಲ್ಲಿಸಿ. ಗಾಳಿ ಒಳಹೊಕ್ಕು, ಮೇವಿಲ್ಲದ ಬ್ಯಾಕ್ಟೀರಿಯಾಗಳು ತಮ್ಮದೇ ಲೋಳೆಯನ್ನು ತಿಂದು ಕರಗಿಸುತ್ತವೆ. ಇದಕ್ಕೆಂದೇ 32 ಚದರ ಮೀಟರಿನ ಒಂದು ಮಡಿಯ ಬದಲು ಅಕ್ಕಪಕ್ಕ ಅಷ್ಟೇ ಅಳತೆಯ ಎರಡು ಮಾಡುವುದು ಜಾಣತನ; ಒಂದು ದುಡಿಯುವಾಗ ಇನ್ನೊಂದಕ್ಕೆ ರಜೆ. ಬೇಸಿಗೆಯಲ್ಲಾದರೆ ರಜೆಯ ಮಡಿಯ ಗಿಡಕ್ಕೆ ಮೂರು ದಿನಕ್ಕೊಮ್ಮೆ ಪೈಪಿನಲ್ಲಿ ಒಳ್ಳೆಯ ನೀರು ಹಿಡಿಯಿರಿ.

ಉಪವಾಸಕ್ಕೆ ಬಗ್ಗದಿದ್ದರೆ ಅದು ಲೋಳೆಯಲ್ಲ, ಸೆಪ್ಟಿಕ್ ಟ್ಯಾಂಕಿನಿಂದ ಬಂದ ಕೆಸರು ಅಥವಾ ಕಲ್ಲುಪುಡಿ. ಒಳತುದಿಯ ಒಂದು ಮೀಟರ್ ಜಲ್ಲಿಯನ್ನು ಗವಸು, ಗಮ್‌ಬೂಟು ಹಾಕಿಕೊಂಡು ಹೊರತೆಗೆದು ತೊಳೆಯಬೇಕು. ತೊಳೆದ ನೀರನ್ನು ಸೆಪ್ಟಿಕ್ ಟ್ಯಾಂಕಿಗೇ ಬಿಡಿ, ಸ್ವಲ್ಪ ಸ್ವಲ್ಪವಾಗಿ. ಬ್ಲೀಚ್ ಹಾಕಿ ಬೆಳ್ಳಗೆ ಮಾಡುವ ಹುರುಪು ಬೇಡ. ಸಾದಾ ನೀರಿನಲ್ಲಿ ಗಲಬರಿಸಿ ಕೆಸರು ಹೋದರೆ ಸಾಕು. ಅದರಲ್ಲೂ ಐದಾರು ಬುಟ್ಟಿ ಜಲ್ಲಿಯನ್ನು ತೊಳೆಯದೆ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿಟ್ಟು, ಕೊನೆಗೆ ಪೈಪಿನ ಮುಂದೆ ಹಾಗೇ ಹರಡಿ. ಮುಂದಿನ ಬೆಳೆಗೆ ಬೀಜ ಅದೇ.